ಕಾಳು ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುವುದೇಕೆ? ಈ ಮಾತು ಎಲ್ಲಿಂದ ಬಂತು?

ಕಣದಂಚು ಬರೆದದ್ದು:

ನಮ್ಮೂರು ದಾವಣಗೆರೆ ಸೀಮೆಯಲ್ಲಿ, ಭದ್ರಾ ನಾಲೆಯ ನೀರು ಹಾಯುವ ಕಡೆ ಇದೆ. ನಾನು ಚಿಕ್ಕವನಿದ್ದಾಗ ಸುಗ್ಗಿಯಲ್ಲಿ ಭತ್ತದ ರಾಶಿಯ ಮುಂದೆ ಅಳೆಯಲು ಕೂರುತ್ತಿದ್ದ ನಮ್ಮ ದೊಡ್ಡಪ್ಪ ಮೊದಲ ಕೊಳಗವನ್ನು ಚೀಲಕ್ಕೆ ಸುರಿಯುವಾಗ ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ‘ಎರಡು, ಮೂರು, ನಾಲ್ಕು’ ಎಂದು ಮುಂದುವರಿಸುತ್ತಿದ್ದರು. ಲಾಭ ಎಂದರೆ ಒಂದು ಎಂಬ ಸಂಖ್ಯೆಗೇ ಇರುವ ಇನ್ನೊಂದು ಹೆಸರು ಎಂದು ನಾನು ಬಹಳ ದಿನ ನಂಬಿದ್ದೆ. ಒಂದನೆಯ ತರಗತಿಯಲ್ಲಿ ಮೇಷ್ಟರು ಎಣಿಸಲು ಹೇಳಿದಾಗ ಹಾಗೆಯೇ ಎಣಿಸಿ ಇಡೀ ತರಗತಿಯನ್ನು ನಗಿಸಿದ್ದೂ ಉಂಟು.

ಈಗ ಆ ಪದ ಬೇರೆ ರೀತಿಯಲ್ಲಿ ನನ್ನನ್ನು ಕಾಡುತ್ತಿದೆ. ಸಹಕಾರಿ ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಬಂದಿದೆ. ಮೂಲದಲ್ಲಿ ಪ್ರಾಫಿಟ್, ಗೇನ್, ಬೆನಿಫಿಟ್, ಅರ್ನಿಂಗ್ಸ್, ಸರ್‌ಪ್ಲಸ್ ಎಂಬ ಐದು ಬೇರೆ ಬೇರೆ ಮಾತುಗಳಿದ್ದರೂ ನಾನು ಎಲ್ಲ ಕಡೆಯೂ ‘ಲಾಭ’ ಎಂದೇ ಬರೆದುಬಿಟ್ಟಿದ್ದೆ. ಕರಡನ್ನು ನೋಡಿದ ಹಿರಿಯರೊಬ್ಬರು ‘ಇಷ್ಟು ಲಾಭ ಒಳ್ಳೆಯದಲ್ಲ’ ಎಂದು ಅಂಚಿನಲ್ಲಿ ಗೀಚಿ ವಾಪಸು ಕಳಿಸಿದ್ದಾರೆ. ಲಾಭ ಎಂಬ ಪದದ ಮೂಲ ಅರ್ಥವೇನು, ಅದು ವ್ಯಾಪಾರದ ಮಾತಾಗಿದ್ದು ಯಾವಾಗ, ನಮ್ಮ ಹಿರಿಯರು ಇದೇ ಸಂಗತಿಗೆ ಬೇರೆ ಯಾವ ಮಾತುಗಳನ್ನು ಇಟ್ಟುಕೊಂಡಿದ್ದರು ಎಂಬುದನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಹಳೆಯ ಓಲೆ ಬರೆದದ್ದು:

ಕಣದಂಚು ಅವರೇ, ಪದದ ಮೂಲವನ್ನು ಕುರಿತು ಹೇಳುತ್ತೇನೆ. ಎಣಿಕೆಯ ಸಂಗತಿಯನ್ನು ಕಣದ ಅನುಭವ ಉಳ್ಳವರಿಗೆ ಬಿಡುತ್ತೇನೆ.

ಲಾಭ ಎಂಬುದು ಸಂಸ್ಕೃತದ ‘ಲಭ್’ ಧಾತುವಿನಿಂದ ಬಂದ ನಾಮಪದ. ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠದಲ್ಲಿ ಇದರ ಅರ್ಥವನ್ನು ‘ಪ್ರಾಪ್ತೌ’, ಅಂದರೆ ಪಡೆಯುವುದು, ಎಂದು ಒಂದೇ ಮಾತಿನಲ್ಲಿ ಹೇಳಿದೆ. ಈ ಧಾತುವಿಗೆ ‘ರಭ್’ ಎಂಬ ಹಳೆಯ ರೂಪವೂ ಇದೆ. ವೇದದ ಭಾಷೆಯಲ್ಲಿ ಅದಕ್ಕೆ ಕೈಯಿಂದ ಹಿಡಿಯುವುದು ಎಂಬ ಅರ್ಥ. ರಕಾರ ಲಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಬರುವುದು ಆ ಭಾಷೆಯಲ್ಲಿ ಹೊಸದಲ್ಲ. ಆದ್ದರಿಂದ ನಾವು ದಿನವೂ ಬಳಸುವ ‘ಆರಂಭ’ ಎಂಬ ಮಾತು ಲಾಭಕ್ಕೆ ಹತ್ತಿರದ ನೆಂಟ: ಒಂದು ಕೆಲಸಕ್ಕೆ ಕೈ ಹಾಕುವುದು ಆರಂಭ, ಕೈಗೆ ಸಿಕ್ಕಿದ್ದು ಲಾಭ. ಸುಲಭ, ದುರ್ಲಭ, ಲಭ್ಯ, ಉಪಲಬ್ಧಿ ಇವೆಲ್ಲ ಅದೇ ಮನೆಯ ಮಕ್ಕಳು. ಪಡೆಯಬೇಕೆಂಬ ಆಸೆಯನ್ನು ಹೇಳುವ ‘ಲಿಪ್ಸೆ’ಯೂ ಇದರ ಇಚ್ಛಾರ್ಥಕ ರೂಪವೇ. ಕಾವ್ಯ ಓದಿದವರಿಗೆ ಗೊತ್ತಿರುವ ‘ವಿಪ್ರಲಂಭ’ ಕೂಡ ಇಲ್ಲಿಂದಲೇ ಬಂದದ್ದು. ಉಪಸರ್ಗಗಳು ಸೇರಿದಾಗ ಅದು ವಂಚಿಸುವುದು ಎಂಬ ಅರ್ಥ ಪಡೆದು, ಅಲ್ಲಿಂದ ಪ್ರೇಮಿಗಳ ಅಗಲಿಕೆಗೆ ಹೆಸರಾಯಿತು. ಪಡೆಯುವುದನ್ನು ಹೇಳುವ ಧಾತುವೇ ಕಳೆದುಕೊಳ್ಳುವುದನ್ನೂ ಹೇಳುವಂತಾಯಿತು.

ಇಂಗ್ಲಿಷಿನ ಪ್ರಾಫಿಟ್ ಲ್ಯಾಟಿನ್ನಿನಿಂದ ಬಂದದ್ದು, ಅದರ ಒಳಗಿನ ಅರ್ಥ ಮುಂದಕ್ಕೆ ಹೋಗುವುದು, ಮುನ್ನಡೆ. ನಮ್ಮ ಪದದಲ್ಲಿ ನಡಿಗೆಯಿಲ್ಲ, ಹಿಡಿತವಿದೆ. ಎರಡೂ ಇಂದು ಒಂದೇ ಕೋಷ್ಟಕದಲ್ಲಿ ಕುಳಿತಿದ್ದರೂ ಹೊರಟ ಊರುಗಳು ಬೇರೆ.

ವ್ಯಾಪಾರದ ಅರ್ಥ ಬಂದದ್ದು ಯಾವಾಗ ಎಂದು ಕೇಳಿದ್ದೀರಿ. ಬಹಳ ಹಿಂದೆಯೇ ಎನ್ನಬೇಕು. ಪಾಣಿನಿಯ ಸಂಸ್ಕೃತ ವ್ಯಾಕರಣದ ಐದನೆಯ ಅಧ್ಯಾಯದಲ್ಲಿ ‘ತದಸ್ಮಿನ್ ವೃದ್ಧ್ಯಾಯಲಾಭಶುಲ್ಕೋಪದಾ ದೀಯತೇ’ ಎಂಬ ಸೂತ್ರವಿದೆ. ಐದು ಕೊಡಬೇಕಾದ ವ್ಯವಹಾರ ‘ಪಂಚಕ’, ನೂರು ಕೊಡಬೇಕಾದದ್ದು ‘ಶತಿಕ’ ಎಂಬಂತಹ ಪದಗಳು ಯಾವ ಯಾವ ಅರ್ಥದಲ್ಲಿ ಆಗುತ್ತವೆ ಎಂದು ಹೇಳುವ ಸಂದರ್ಭ ಅದು. ಅಲ್ಲಿ ವೃದ್ಧಿ, ಆಯ, ಲಾಭ, ಶುಲ್ಕ, ಉಪದಾ ಎಂಬ ಐದನ್ನು ಪಾಣಿನಿ ಬೇರೆ ಬೇರೆಯಾಗಿ ಎಣಿಸುತ್ತಾನೆ. ಆ ವ್ಯಾಕರಣಕ್ಕೆ ಜಯಾದಿತ್ಯ ಮತ್ತು ವಾಮನರು ಬರೆದ ವ್ಯಾಖ್ಯಾನವಾದ ಕಾಶಿಕಾವೃತ್ತಿ ಒಂದೊಂದಕ್ಕೂ ಅರ್ಥ ಕೊಡುತ್ತದೆ. ಸಾಲಗಾರನು ಸಾಲ ಕೊಟ್ಟವನಿಗೆ ಮೂಲಧನಕ್ಕಿಂತ ಹೆಚ್ಚಾಗಿ ಕೊಡುವುದು ವೃದ್ಧಿ. ಗ್ರಾಮ ಮೊದಲಾದವುಗಳಲ್ಲಿ ಒಡೆಯನು ತೆಗೆದುಕೊಳ್ಳುವ ಪಾಲು ಆಯ. ಬಟ್ಟೆ ಮುಂತಾದ ಸರಕುಗಳಲ್ಲಿ ಕೊಂಡ ಬೆಲೆಯನ್ನು ಮೀರಿ ಬಂದ ದ್ರವ್ಯ ಲಾಭ. ರಕ್ಷಣೆಗಾಗಿ ರಾಜನಿಗೆ ಸಲ್ಲುವ ಭಾಗ ಶುಲ್ಕ. ಇನ್ನು ಉಪದಾ ಎಂದರೆ ಲಂಚ. ಅದನ್ನೂ ವೈಯಾಕರಣರು ಪಟ್ಟಿಯಿಂದ ಬಿಟ್ಟಿಲ್ಲ.

ನಿಮ್ಮ ವರದಿಯಲ್ಲಿ ಐದು ಪದಗಳು ಒಂದಾಗಿವೆ ಎಂದಿರಿ. ನಮ್ಮ ವ್ಯಾಕರಣವೋ ಐದನ್ನು ಐದಾಗಿಯೇ ಇಟ್ಟಿತ್ತು.

ರೋಜುಕೀರ್ದಿ ಬರೆದದ್ದು:

ಹಳೆಯ ಓಲೆಯವರ ಬರಹದಿಂದ ಬಹಳ ಸಂತೋಷವಾಯಿತು. ನಾನು ಗದಗ ಕಡೆಯವನು; ಸಹಕಾರ ಸಂಘಗಳ ಲೆಕ್ಕ ತಪಾಸಣೆಯಲ್ಲಿ ಮೂವತ್ತು ವರ್ಷ ಕಳೆದು ಈಗ ವಿಶ್ರಾಂತಿಯಲ್ಲಿದ್ದೇನೆ. 1905ರಲ್ಲಿ ಸಿದ್ಧನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಸೀಮೆ ನಮ್ಮದು ಎಂಬ ಹೆಮ್ಮೆಯೂ ಇದೆ.

ವೃದ್ಧಿ ಎಂಬುದೇ ಪ್ರಾಕೃತದ ಬಾಯಲ್ಲಿ ‘ವಡ್ಢಿ’ಯಾಗಿ ನಮ್ಮಲ್ಲಿ ‘ಬಡ್ಡಿ’ಯಾಯಿತು ಎಂಬುದನ್ನು ಇಲ್ಲಿ ಸೇರಿಸಬಹುದು. ಬೆಳೆಯುವುದು ಎಂಬ ಶುಭವಾದ ಮಾತು ಸಾಲಗಾರನ ಎದೆ ನಡುಗಿಸುವ ಮಾತಾಗಿ ಉಳಿಯಿತು. ಹಿಂದಿಯವರ ‘ಬ್ಯಾಜ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅದು ‘ವ್ಯಾಜ’ದಿಂದ ಬಂದದ್ದು, ವ್ಯಾಜ ಎಂದರೆ ನೆಪ, ಕಪಟ. ‘ಆಯ’ವೂ ಕನ್ನಡದ ಹಳ್ಳಿಗಳಲ್ಲಿ ಹಾಗೆಯೇ ಜೀವಂತವಾಗಿತ್ತು. ಬಡಿಗ, ಕಮ್ಮಾರ, ಅಗಸ, ತಳವಾರ ಮೊದಲಾದ ಆಯಗಾರರು ಸುಗ್ಗಿಯ ಕಣದಲ್ಲಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದರಲ್ಲ, ಅದೇ ಆಯ. ಯುಗಾದಿಯ ದಿನ ಪಂಚಾಂಗ ಓದಿಸಿ ನಮ್ಮ ನಮ್ಮ ರಾಶಿಗೆ ಎಷ್ಟು ಆಯ, ಎಷ್ಟು ವ್ಯಯ ಎಂದು ಕೇಳುತ್ತೇವೆ. ಅಲ್ಲಿ ಲಾಭವೆಷ್ಟು ಎಂದು ಕೇಳುವ ಪದ್ಧತಿಯಿಲ್ಲ, ಕಳೆಯುವ ಕೆಲಸ ಕೇಳುಗರದು.

ಉತ್ತರ ಕರ್ನಾಟಕದ ಅಂಗಡಿ ಮಾತಿನಲ್ಲಿ ಇನ್ನೊಂದು ಪದರವಿದೆ. ಬಹಮನಿ ಮತ್ತು ಆದಿಲಶಾಹಿ ಕಾಲದ ಕಚೇರಿಗಳಿಂದ, ಆಮೇಲೆ ಮರಾಠಿ ದಫ್ತರಗಳ ಮೂಲಕ, ಅರಬಿ ಮೂಲದ ಲೆಕ್ಕದ ಮಾತುಗಳು ನಮ್ಮಲ್ಲಿ ನೆಲೆಯೂರಿದವು. ಅಸಲು, ಬಾಕಿ, ಜಮಾ, ವಸೂಲಿ ಇವು ಎಲ್ಲರಿಗೂ ಗೊತ್ತು. ಲಾಭಕ್ಕೆ ‘ನಫಾ’ ಮತ್ತು ‘ಫಾಯದೆ’ ಎಂಬ ಎರಡು ಮಾತುಗಳಿದ್ದವು, ಮತ್ತು ಅವೆರಡರ ನಡುವೆ ನಮ್ಮ ಹಿರಿಯರು ಅಂತರ ಕಾಣುತ್ತಿದ್ದರು: ನಫಾ ಎಂದರೆ ರೊಕ್ಕದ ಗಳಿಕೆ, ಫಾಯದೆ ಎಂದರೆ ಪ್ರಯೋಜನ. ‘ಅವನ ಹತ್ರ ಹೋಗಿ ಏನೂ ಫಾಯದೆ ಇಲ್ಲ’ ಎನ್ನುವಾಗ ಯಾರೂ ಹಣದ ಲೆಕ್ಕ ಹಾಕುವುದಿಲ್ಲ. ನಫಾದ ಎದುರು ‘ನುಕ್ಸಾನ್’ ಇತ್ತು. ನಮ್ಮ ನಾಲಿಗೆ ಅದರ ನಕಾರವನ್ನು ಲಕಾರ ಮಾಡಿ ‘ಲುಕ್ಸಾನು’ ಎಂದಿತು. ಲಾಭದ ಪಕ್ಕದಲ್ಲಿ ಕುಳಿತು ಕುಳಿತು ಅದರ ಮೊದಲ ಅಕ್ಷರವನ್ನೇ ಎರವಲು ಪಡೆಯಿತೇನೋ ಎಂದು ನಾನು ತಮಾಷೆ ಮಾಡುವುದುಂಟು, ಶಾಸ್ತ್ರ ಬಲ್ಲವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬಾರದು.

ಅನುವಾದದ ಬಗ್ಗೆ ಒಂದು ಸಲಹೆ ಕೊಡುತ್ತೇನೆ. ಸಹಕಾರ ಸಂಘದ ‘ಲಾಭ-ನಷ್ಟದ ತಃಖ್ತೆ’ಯಲ್ಲಿ ‘ನಿವ್ವಳ ಲಾಭ’ ಎಂಬುದು ನಿಯಮದ ಮಾತು, ಅದನ್ನು ಬದಲಾಯಿಸಲು ಹೋಗಬೇಡಿ. ಅದರಿಂದಲೇ ಆಪದ್ಧನ ನಿಧಿಗೆ ಪಾಲು ತೆಗೆಯಬೇಕು, ಸದಸ್ಯರಿಗೆ ‘ಲಾಭಾಂಶ’ ಹಂಚಬೇಕು. ಆದರೆ ಸಂಘ-ಸಂಸ್ಥೆಗಳ, ದೇವಸ್ಥಾನ ಸಮಿತಿಗಳ ಲೆಕ್ಕದಲ್ಲಿ ಖರ್ಚು ಕಳೆದು ಮಿಕ್ಕಿದ್ದಕ್ಕೆ ಲಾಭ ಎಂದು ಬರೆಯಬಾರದು. ಅಲ್ಲಿ ಇರುವುದು ‘ಆದಾಯ-ವೆಚ್ಚದ ತಃಖ್ತೆ’, ಮಿಕ್ಕಿದ್ದು ‘ಖರ್ಚಿಗಿಂತ ಹೆಚ್ಚಾದ ಆದಾಯ’. ಹಣ ಅದೇ ಇರಬಹುದು, ಹೆಸರು ಬೇರೆಯಾದರೆ ಅದನ್ನು ಹಂಚಿಕೊಳ್ಳುವ ಹಕ್ಕು ಬೇರೆಯಾಗುತ್ತದೆ.

ಕಡಲಮಾತು ಬರೆದದ್ದು:

ಲಾಭ, ಲೋಭ, ಲೂಟಿ ಈ ಮೂರೂ ಒಂದೇ ಬೇರಿನಿಂದ ಬಂದವು ಎಂದು ಎಲ್ಲೋ ಓದಿದ ನೆನಪು. ಇಂದಿನ ವ್ಯಾಪಾರವನ್ನು ನೋಡಿದರೆ ನಿಜವೆಂದೇ ತೋರುತ್ತದೆ. ಹಳೆಯ ಓಲೆಯವರು ಏನೆನ್ನುತ್ತಾರೆ?

ಹಳೆಯ ಓಲೆ ಬರೆದದ್ದು:

ತೋರುವುದೆಲ್ಲ ನಿಜವಲ್ಲ, ಕಡಲಮಾತು ಅವರೇ. ಮೂರೂ ಬೇರೆ ಬೇರೆ. ಲೋಭ ಬಂದದ್ದು ‘ಲುಭ್’ ಧಾತುವಿನಿಂದ, ಅದರ ಅರ್ಥ ಆಸೆಪಡುವುದು; ಇಂಗ್ಲಿಷಿನ ‘ಲವ್’ ಅದರ ದೂರದ ಸೋದರಿ ಎಂದರೆ ನೀವು ಆಶ್ಚರ್ಯಪಡಬಹುದು. ಲೂಟಿ ಹಿಂದಿಯ ‘ಲೂಟ್’ನಿಂದ ಬಂದದ್ದು, ಅದೇ ಪದವನ್ನು ಇಂಗ್ಲಿಷರು ಇಲ್ಲಿಂದ ಕೊಂಡೊಯ್ದು ತಮ್ಮ ನಿಘಂಟಿನಲ್ಲಿ ಇಟ್ಟುಕೊಂಡರು. ಪದವನ್ನು ಮಾತ್ರವಲ್ಲ ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ಆದರೂ ಲಾಭ-ಲೋಭಗಳನ್ನು ಜೊತೆಗೂಡಿಸಿದವರು ನೀವೇ ಮೊದಲಿಗರಲ್ಲ. ಪ್ರಾಕೃತದಲ್ಲಿ ಭಕಾರ ಸವೆದು ಹಕಾರವಾಗುವುದರಿಂದ ಲಾಭವು ‘ಲಾಹ’ ಆಗುತ್ತದೆ, ಲೋಭವು ‘ಲೋಹ’ ಆಗುತ್ತದೆ. ಶ್ವೇತಾಂಬರ ಜೈನರ ಉತ್ತರಾಧ್ಯಯನ ಸೂತ್ರದ ಎಂಟನೆಯ ಅಧ್ಯಾಯದಲ್ಲಿ ‘ಜಹಾ ಲಾಹೋ ತಹಾ ಲೋಹೋ, ಲಾಹಾ ಲೋಹೋ ಪವಡ್ಢಈ’ ಎಂಬ ಸಾಲಿದೆ: ಲಾಭವಿದ್ದಂತೆ ಲೋಭ, ಲಾಭದಿಂದ ಲೋಭ ಬೆಳೆಯುತ್ತದೆ. ಎರಡು ಮಾಷ ಚಿನ್ನದಿಂದ ಆಗಬೇಕಾಗಿದ್ದ ಕೆಲಸ ಕೋಟಿ ಬಂದರೂ ಮುಗಿಯಲಿಲ್ಲ ಎಂದು ಮುಂದಿನ ಸಾಲು ಹೇಳುತ್ತದೆ. ಆ ‘ಪವಡ್ಢಈ’ ಎಂಬ ಕ್ರಿಯಾಪದದಲ್ಲಿ ರೋಜುಕೀರ್ದಿಯವರ ಬಡ್ಡಿಯೂ ಅಡಗಿದೆ, ಗಮನಿಸಿ. ಕರ್ಮಸಿದ್ಧಾಂತದಲ್ಲಿಯೂ ಜೈನರು ‘ಲಾಭಾಂತರಾಯ’ ಎಂಬ ಒಂದು ಕರ್ಮವನ್ನು ಹೇಳುತ್ತಾರೆ; ಸಿಗಬೇಕಾದದ್ದು ಸಿಗದಂತೆ ಅಡ್ಡ ನಿಲ್ಲುವುದು ಅದರ ಕೆಲಸ. ಬೌದ್ಧರ ಎಂಟು ಲೋಕಧರ್ಮಗಳಲ್ಲಿ ಮೊದಲನೆಯ ಜೋಡಿಯೇ ಲಾಭ ಮತ್ತು ಅಲಾಭ. ಗೀತೆಯ ಎರಡನೆಯ ಅಧ್ಯಾಯದ ‘ಲಾಭಾಲಾಭೌ ಜಯಾಜಯೌ’ ಎಲ್ಲರಿಗೂ ಕಂಠಪಾಠ. ಇಲ್ಲೆಲ್ಲ ಲಾಭದ ಎದುರು ನಿಂತಿರುವುದು ‘ಅಲಾಭ’ವೇ ಹೊರತು ‘ನಷ್ಟ’ವಲ್ಲ. ಸಿಗುವುದು, ಸಿಗದಿರುವುದು, ಇಷ್ಟೇ ಮಾತು. ಕೈಯಲ್ಲಿದ್ದದ್ದು ನಾಶವಾಗುವುದು ಎಂಬ ಅರ್ಥದ ‘ನಷ್ಟ’ ಲಾಭದ ಎದುರಾಳಿಯಾಗಿ ಬಂದು ನಿಲ್ಲುವುದು ಬಂಡವಾಳ ಹೂಡಿದವನ ಲೆಕ್ಕದ ಪುಸ್ತಕದಲ್ಲಿ. ಭಿಕ್ಷೆಗೆ ಹೊರಟ ಸನ್ಯಾಸಿಗೆ ಅಲಾಭ ಆಗಬಹುದು, ನಷ್ಟ ಆಗಲಾರದು.

ಗಡಿಸೀಮೆ ಬರೆದದ್ದು:

ಚರ್ಚೆ ಸಂಸ್ಕೃತದ ಕಡೆಗೇ ಹೋಗುತ್ತಿರುವುದರಿಂದ ನಮ್ಮ ರೈತರ ಬಾಯಿಯ ಮಾತನ್ನು ನೆನಪಿಸಲು ಬಂದೆ. ನಮ್ಮದು ಬಳ್ಳಾರಿಯ ಗಡಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮೆಣಸಿನಕಾಯಿಗೆ ದರ ಬಿದ್ದ ವರ್ಷ ನಮ್ಮಪ್ಪ ‘ಲಾಭವಾಗಲಿಲ್ಲ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ‘ಗಿಟ್ಟಲಿಲ್ಲ’ ಎನ್ನುತ್ತಿದ್ದ.

ಈ ‘ಗಿಟ್ಟು’ ಎಂಬುದು ಅಚ್ಚ ದ್ರಾವಿಡ ಮಾತು. ತಮಿಳಿನಲ್ಲಿ ‘ಕಿಟ್ಟು’ ಎಂದರೆ ಹತ್ತಿರ ಬರುವುದು, ದೊರೆಯುವುದು. ಮಲಯಾಳದಲ್ಲಿ ‘ಕಿಟ್ಟುಕ’ ಎಂದರೆ ಸಿಗುವುದು. ತೆಲುಗಿನಲ್ಲಿ ರೈತರು ಕೇಳುವ ನ್ಯಾಯದ ಬೆಲೆಗೆ ‘ಗಿಟ್ಟುಬಾಟು ಧರ’ ಎಂಬ ಸೊಗಸಾದ ಹೆಸರಿದೆ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನಾವು ಮಾತ್ರ ‘ಲಾಭದಾಯಕ ಬೆಲೆ’, ‘ವೈಜ್ಞಾನಿಕ ಬೆಲೆ’ ಎಂದು ಭಾಷಣ ಮಾಡುತ್ತೇವೆ. (ತೆಲುಗಿನಲ್ಲಿ ‘ಗಿಟ್ಟು’ ಎಂದರೆ ಸಾಯುವುದು ಎಂಬ ಅರ್ಥವೂ ಉಂಟು, ‘ಪುಟ್ಟಿ ಗಿಟ್ಟು’ ಎನ್ನುತ್ತಾರೆ. ಆದ್ದರಿಂದ ಗಡಿ ದಾಟುವಾಗ ಎಚ್ಚರ ಬೇಕು.)

ಲಾಭವಾಗುವುದಕ್ಕೂ ಗಿಟ್ಟುವುದಕ್ಕೂ ನಾನು ಕಂಡ ಅಂತರ ಇಷ್ಟು. ಲಾಭ ಎಂದರೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಅಂಕೆ ಬೇಕು. ಗಿಟ್ಟುವುದು ಎಂದರೆ ಪಟ್ಟ ಶ್ರಮ, ಹಾಕಿದ ಹಣ, ಕಾದ ಕಾಲ ಇವೆಲ್ಲವನ್ನೂ ಕೂಡಿಸಿ ನೋಡಿದಾಗ ಈ ಕೆಲಸ ಮಾಡಬಹುದೇ ಬಿಡಬೇಕೇ ಎಂಬ ತೀರ್ಮಾನ. ಲೆಕ್ಕದಲ್ಲಿ ಲಾಭ ಕಂಡರೂ ಗಿಟ್ಟದ ವ್ಯವಸಾಯ ನಮ್ಮ ಕಡೆ ಬೇಕಾದಷ್ಟಿದೆ.

ರೋಜುಕೀರ್ದಿ ಬರೆದದ್ದು:

ಗಡಿಸೀಮೆಯವರು ಹೇಳಿದ್ದು ಲೆಕ್ಕಿಗನ ಕಣ್ಣಿನಿಂದಲೂ ಸರಿ. ಹಳೆಯ ಓಲೆಯವರು ಕೊಟ್ಟ ಕಾಶಿಕೆಯ ಅರ್ಥವನ್ನು ಮತ್ತೊಮ್ಮೆ ಓದಿ: ಕೊಂಡ ಬೆಲೆಯನ್ನು ಮೀರಿ ಬಂದದ್ದು ಲಾಭ. ಬಟ್ಟೆಯ ವ್ಯಾಪಾರಿಗೆ ಇದು ಸುಲಭ, ಏಕೆಂದರೆ ಕೊಂಡ ಬೆಲೆ ಅವನ ಚೀಟಿಯಲ್ಲೇ ಇರುತ್ತದೆ. ತಾನೇ ಬೆಳೆದವನಿಗೆ ಆ ‘ಮೂಲ’ ಬೆಲೆ ಎಂದರೆ ಯಾವುದು? ರೈತರ ಬೆಂಬಲ ಬೆಲೆಯ ಜಗಳವೆಲ್ಲ ನಿಂತಿರುವುದು ಈ ಒಂದು ಪದದ ಮೇಲೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಂಕೆಗಳು ನನ್ನವೇ, ಯಾವ ಬೆಳೆಯದೂ ಅಲ್ಲ. ಒಂದು ಕ್ವಿಂಟಾಲಿಗೆ ಬೀಜ, ಗೊಬ್ಬರ, ಔಷಧ, ಡೀಸೆಲ್, ಕೂಲಿ ಎಂದು ಕೈಯಿಂದ ಬಿಟ್ಟದ್ದು 1,000 ರೂಪಾಯಿ. ಮನೆಮಂದಿ ದುಡಿದದ್ದಕ್ಕೆ ಕೂಲಿ ಕಟ್ಟಿದರೆ 300. ಸ್ವಂತ ಭೂಮಿಯ ಗೇಣಿ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನು ಲೆಕ್ಕ ಹಿಡಿದರೆ ಇನ್ನೂ 500. ಮಾರಿದ್ದು 1,600ಕ್ಕೆ. ಕೈಖರ್ಚನ್ನು ಮಾತ್ರ ಮೂಲವೆಂದರೆ ಲಾಭ 600. ಮನೆಯವರ ದುಡಿಮೆಯನ್ನು ಸೇರಿಸಿದರೆ 300. ಗೇಣಿ, ಬಡ್ಡಿಗಳನ್ನೂ ಸೇರಿಸಿದರೆ 200 ರೂಪಾಯಿ ಲುಕ್ಸಾನು. ಹೊಲ ಅದೇ, ಕಾಳು ಅದೇ, ದರ ಅದೇ.

ಕೃಷಿ ವೆಚ್ಚವನ್ನು ಲೆಕ್ಕ ಹಾಕುವವರು ಈ ಮೂರು ಹಂತಗಳಿಗೆ ಎ2, ಎ2 ಮತ್ತು ಎಫ್‌ಎಲ್, ಸಿ2 ಎಂದು ಹೆಸರಿಟ್ಟಿದ್ದಾರೆ (ಎಫ್‌ಎಲ್ ಎಂದರೆ ಫ್ಯಾಮಿಲಿ ಲೇಬರ್, ಮನೆಯವರ ದುಡಿಮೆ). ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯಲ್ಲಿ 2004ರಿಂದ 2006ರವರೆಗೆ ಕೆಲಸ ಮಾಡಿದ ರಾಷ್ಟ್ರೀಯ ರೈತ ಆಯೋಗವು ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚಿಗೆ ಬೆಂಬಲ ಬೆಲೆ ಇರಬೇಕೆಂದಿತು. 2018ರ ಮುಂಗಡಪತ್ರದಲ್ಲಿ ಒಂದೂವರೆ ಪಟ್ಟು ಕೊಡುವುದಾಗಿ ಸರ್ಕಾರ ಘೋಷಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಎರಡನೆಯ ಹಂತದ ವೆಚ್ಚವನ್ನು. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೆಯದನ್ನು. ಒಂದೂವರೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ಯಾವುದರ ಒಂದೂವರೆ ಎಂಬುದೇ ತಕರಾರು.

ತಿಳಿಗನ್ನಡ ಬರೆದದ್ದು:

ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ ಒಂದೇ. ಗಿಟ್ಟು, ಗಳಿಕೆ, ಮಿಗತೆ, ಹುಟ್ಟುವಳಿ, ದಕ್ಕುವುದು ಇಂತಹ ನಮ್ಮವೇ ಆದ ಮಾತುಗಳಿರುವಾಗ ಲಾಭವನ್ನು ಏಕೆ ಹೊತ್ತು ತಿರುಗಬೇಕು? ವರದಿಯಲ್ಲಿ ಎಲ್ಲ ಕಡೆ ‘ಗಳಿಕೆ’ ಎಂದು ಬರೆದರೆ ಮುಗಿಯಿತಲ್ಲ.

ಗಡಿಸೀಮೆ ಬರೆದದ್ದು:

ಮುಗಿಯುವುದಿಲ್ಲ. ಗಳಿಕೆ ಎಂದರೆ ದುಡಿದು ಸಂಪಾದಿಸಿದ್ದು; ಕೂಲಿಕಾರನಿಗೆ ಗಳಿಕೆ ಇದೆ, ಲಾಭವಿಲ್ಲ. ಹುಟ್ಟುವಳಿ ಎಂದರೆ ಹೊಲದಿಂದ ಬಂದ ಒಟ್ಟು ಫಸಲು, ಅದರಲ್ಲಿ ಖರ್ಚು ಕಳೆದಿರುವುದಿಲ್ಲ. ಮಿಗತೆ ಎಂದರೆ ಉಳಿದದ್ದು. ಎಲ್ಲವನ್ನೂ ಲಾಭ ಮಾಡಿದ್ದು ಎಷ್ಟು ತಪ್ಪೋ ಎಲ್ಲವನ್ನೂ ಗಳಿಕೆ ಮಾಡುವುದೂ ಅಷ್ಟೇ ತಪ್ಪು. ಅಲ್ಲದೆ ನಮ್ಮ ದೊಡ್ಡವರು ಕಣದಲ್ಲಿ ದೇವರ ಹೆಸರಿನಂತೆ ಉಚ್ಚರಿಸುತ್ತಿದ್ದ ಮಾತನ್ನು ಪರಕೀಯ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ‘ಲಾಭವಿಲ್ಲದೆ ಸೆಟ್ಟಿ ಹೊಳೆಗೆ ಬೀಳುತ್ತಾನೆಯೇ’ ಎಂಬ ಗಾದೆಯಿಂದ ಲಾಭವನ್ನು ತೆಗೆದರೆ ಸೆಟ್ಟಿಯನ್ನೂ ತೆಗೆಯಬೇಕಾಗುತ್ತದೆ, ಅದೂ ‘ಶ್ರೇಷ್ಠಿ’ಯಿಂದಲೇ ಬಂದದ್ದು. ಹೊಳೆಯೊಂದೇ ಉಳಿಯುತ್ತದೆ.

ಕಡಲಮಾತು ಬರೆದದ್ದು:

ಲೂಟಿಯ ವಿಷಯದಲ್ಲಿ ಸೋತೆನೆಂದು ಒಪ್ಪಿಕೊಂಡು, ನಮ್ಮ ಕರಾವಳಿಯ ಒಂದು ಮಾತನ್ನು ಇಡುತ್ತೇನೆ. ತುಳುವಿನಲ್ಲಿ ‘ಪೊಲಿ’ ಎಂಬ ಪದವಿದೆ. ಸಮೃದ್ಧಿ, ಹೆಚ್ಚಳ ಎಂದು ಅರ್ಥ. ಬೆಳೆ ಮನೆಗೆ ಬರುವಾಗ, ದೀಪಾವಳಿಯಲ್ಲಿ ಬಲೀಂದ್ರನನ್ನು ಕರೆಯುವಾಗ ‘ಪೊಲಿ’ ಎಂದು ಕೂಗುತ್ತಾರೆ. ತಮಿಳು ಶಾಸನಗಳಲ್ಲಿ ಬಡ್ಡಿಗೆ ಬಳಸುವ ‘ಪೊಲಿಸೈ’ ಇದೇ ಬೇರಿನದು, ಕನ್ನಡದ ‘ಹುಲುಸು’ ಕೂಡ ಇದೇ ಬಳಗದ್ದು. ಕಣದಲ್ಲಿ ಶುಭದ ಕೂಗಾಗಿ ಇದ್ದ ಮಾತು ಶಾಸನದಲ್ಲಿ ಸಾಲದ ಬಡ್ಡಿಯಾಗುವುದು, ವೃದ್ಧಿ ಎಂಬುದು ಬಡ್ಡಿಯಾದ ದಾರಿಯೇ ಅಲ್ಲವೇ?

ಕಣದಂಚು ಅವರ ಮೊದಲ ಪ್ರಶ್ನೆಗೂ ಇದರಲ್ಲಿ ಉತ್ತರದ ಎಳೆ ಇದೆಯೆಂದು ನನಗೆ ತೋರುತ್ತದೆ. ನಮ್ಮ ಹೆಂಗಸರು ಬಳೆ ಒಡೆಯಿತು ಎನ್ನುವುದಿಲ್ಲ, ‘ಬಳೆ ಹೆಚ್ಚಿತು’ ಎನ್ನುತ್ತಾರೆ. ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ತೀರಿಹೋಗುವುದನ್ನು ಬಾಯಿಬಿಟ್ಟು ಹೇಳಬಾರದು ಎಂಬ ಅಂಜಿಕೆ ಅದು. ‘ಒಂದು’ ಎಂದರೆ ಒಂಟಿ, ಅಲ್ಲಿಗೇ ನಿಲ್ಲಬಹುದಾದದ್ದು. ರಾಶಿಯ ಮುಂದೆ ಅದನ್ನು ನುಡಿಯಲು ಮನಸ್ಸು ಬಾರದೆ ‘ಲಾಭ’ ಎಂದಿದ್ದಾರೆ. ತೆಲುಗರೂ ತಮಿಳರೂ ಹೀಗೆ ಅಳೆಯುವುದನ್ನು ನಾನು ಕೇಳಿದ್ದೇನೆ.

ಪ್ರತಿವಾದಿ ಬರೆದದ್ದು:

ವಕೀಲಿಕೆಯವನಾಗಿ ಒಂದೆರಡು ಮಾತು. ಸಂವಿಧಾನದ 102 ಮತ್ತು 191ನೆಯ ಅನುಚ್ಛೇದಗಳಲ್ಲಿ ಸಂಸತ್ತು, ವಿಧಾನಮಂಡಲಗಳ ಸದಸ್ಯರು ‘ಲಾಭದಾಯಕ ಹುದ್ದೆ’ಯನ್ನು ಹೊಂದಿರಬಾರದು ಎಂಬ ನಿಯಮವಿದೆ. ಅಲ್ಲಿ ಲಾಭವೆಂದರೇನು ಎಂದು ಸಂವಿಧಾನ ಹೇಳಿಲ್ಲ. 2006ರಲ್ಲಿ ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಕಾರಣಕ್ಕೆ ಜಯಾ ಬಚ್ಚನ್ ಅವರ ರಾಜ್ಯಸಭಾ ಸದಸ್ಯತ್ವ ಹೋದಾಗ, ತಾವು ಆ ಹುದ್ದೆಯಿಂದ ಏನನ್ನೂ ಪಡೆದಿಲ್ಲ ಎಂಬುದು ಅವರ ವಾದವಾಗಿತ್ತು. ಪಡೆದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಆ ಹುದ್ದೆಯಿಂದ ಹಣದ ಲಾಭ ಸಲ್ಲಲು ಸಾಧ್ಯವಿತ್ತೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಲಭ್ ಧಾತುವಿನ ಅರ್ಥ ಪಡೆಯುವುದಾದರೆ, ಪಡೆಯದೆಯೂ ಲಾಭವಾಗುವ ಒಂದೇ ಜಾಗ ಕಾನೂನು ಎನ್ನಬೇಕು.

ಇನ್ನೊಂದು ಗಮನಿಸಿದ್ದು: ಸರ್ಕಾರದ ಯೋಜನೆಯಲ್ಲಿ ನೆರವು ಪಡೆದವರನ್ನು ಹಿಂದಿಯಲ್ಲಿ ‘ಲಾಭಾರ್ಥಿ’ ಎನ್ನುತ್ತಾರೆ, ಅಂದರೆ ಲಾಭವನ್ನು ಬೇಡುವವನು. ಕನ್ನಡದ ಸರ್ಕಾರಿ ಕಾಗದಗಳಲ್ಲಿ ‘ಫಲಾನುಭವಿ’ ಎಂದಿದೆ. ಬೇಡುವವನಿಗಿಂತ ಉಣ್ಣುವವನು ವಾಸಿ; ಈ ಒಂದು ಪದವನ್ನು ನಮ್ಮ ಅನುವಾದಕರು ಚೆನ್ನಾಗಿ ಆರಿಸಿದ್ದಾರೆ. ಆದರೆ ಉತ್ತರ ಕರ್ನಾಟಕದ ಆಮಂತ್ರಣ ಪತ್ರಿಕೆಗಳಲ್ಲಿ ‘ಪ್ರವಚನದ ಲಾಭ ಪಡೆಯಬೇಕು’ ಎಂದು ಓದಿದಾಗ ಮೈಸೂರು ಕಡೆಯ ನನ್ನ ಗೆಳೆಯರು ನಗುತ್ತಾರೆ.

ರೋಜುಕೀರ್ದಿ ಬರೆದದ್ದು:

ನಗಬೇಕಾಗಿಲ್ಲ, ಪ್ರತಿವಾದಿಯವರೇ. ಮರಾಠಿಯ ನೆರೆಯಿಂದ ಆ ಪ್ರಯೋಗ ನಮಗೆ ಬಂದಿದ್ದರೂ ಅದರಲ್ಲಿ ಉಳಿದಿರುವುದು ಪದದ ಹಳೆಯ ಅರ್ಥವೇ: ದೊರಕಿಸಿಕೊಳ್ಳುವುದು. ನಗಬೇಕಾದದ್ದು ‘ಲಾಭಕೋರ’ ಎಂಬ ಮಾತಿಗೆ. ಮೊದಲ ಅರ್ಧ ಸಂಸ್ಕೃತ, ಕೊನೆಯ ಅರ್ಧ ಪಾರಸಿ; ‘ಖೋರ್’ ಎಂದರೆ ತಿನ್ನುವವನು. ಕನ್ನಡದಲ್ಲಿ ಲಂಚ ತಿನ್ನುತ್ತಾರೆ, ಬಡ್ಡಿ ತಿನ್ನುತ್ತಾರೆ, ಲಾಭವನ್ನು ಮಾತ್ರ ಮಾಡಿಕೊಳ್ಳುತ್ತಾರೆ. ಅದನ್ನೂ ತಿನ್ನುವವನು ಕಂಡಾಗ ನಮ್ಮವರು ಪಾರಸಿಯನ್ನು ಕರೆದು ತಂದರು.

ಕಣದಂಚು ಬರೆದದ್ದು:

ಎಲ್ಲರಿಗೂ ನನ್ನ ನಮಸ್ಕಾರಗಳು. ವರದಿಯನ್ನು ಹೀಗೆ ತಿದ್ದಿದ್ದೇನೆ. ತಃಖ್ತೆಯಲ್ಲಿ ‘ನಿವ್ವಳ ಲಾಭ’ ಉಳಿಯಿತು. ಹಳೆಯ ಕಟ್ಟಡವನ್ನು ಮಾರಿ ಬಂದ ಗೇನ್ ‘ಆಸ್ತಿ ಮಾರಾಟದಿಂದ ಬಂದ ಹೆಚ್ಚಳ’ವಾಯಿತು. ಸದಸ್ಯರಿಗೆ ಸಿಗುವ ಬೆನಿಫಿಟ್ ‘ಸೌಲಭ್ಯ’ವಾಯಿತು, ಅದರ ಒಳಗೂ ಲಭ್ ಅಡಗಿರುವುದು ಹಳೆಯ ಓಲೆಯವರಿಂದ ಕಲಿತ ಮೇಲೆ ಕಾಣಿಸಿತು. ಅರ್ನಿಂಗ್ಸ್ ‘ಗಳಿಕೆ’, ಸರ್‌ಪ್ಲಸ್ ‘ಮಿಗತೆ’. ‘ಗಿಟ್ಟು’ ಎಂಬುದಕ್ಕೆ ವರದಿಯಲ್ಲಿ ಜಾಗ ಸಿಗಲಿಲ್ಲವಲ್ಲ ಎಂಬ ಬೇಸರವಿದೆ; ಇಂಗ್ಲಿಷ್ ಮೂಲದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಎಣಿಕೆಯ ವಿಷಯವನ್ನು ಕಳೆದ ವಾರ ಊರಿಗೆ ಹೋದಾಗ ಅವ್ವನ ಹತ್ತಿರ ಕೇಳಿದೆ. ನನಗೆ ಹೊಳೆದಿದ್ದ ಒಂದು ಮಾತನ್ನೂ ಹೇಳಿದೆ: ಕನ್ನಡದಲ್ಲಿ ‘ಮೊದಲು’ ಎಂದರೆ ಆರಂಭವೂ ಹೌದು, ಬಂಡವಾಳವೂ ಹೌದು, ತಮಿಳು-ಮಲಯಾಳಗಳಲ್ಲಿ ಮೊದಲಾಳಿ ಎಂದರೆ ಅದಕ್ಕಾಗಿಯೇ ಯಜಮಾನ; ಹಾಗಿರುವಾಗ ಮೊದಲಿನ ಜಾಗದಲ್ಲಿ ಲಾಭವನ್ನು ತಂದು ಕೂರಿಸಿದ್ದಾರಲ್ಲ ನಮ್ಮವರು, ಎಂದು. ಅವ್ವ ಅಷ್ಟೆಲ್ಲ ಕೇಳಿಸಿಕೊಳ್ಳಲಿಲ್ಲ. ‘ನಿಮ್ಮ ದೊಡ್ಡಪ್ಪ ಶುರುವಿಗೆ ಲಾಭ ಅಂದದ್ದು ನಿನಗೆ ನೆನಪಿದೆ, ಕೊನೆಗೆ ಏನು ಮಾಡ್ತಿದ್ದರು ಅಂತ ನೆನಪಿಲ್ಲವಾ?’ ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ರಾಶಿ ಕರಗಿ ಕೊನೆಯ ಕೊಳಗ ತುಂಬದೆ ಉಳಿದ ಕಾಳನ್ನು ಅವರು ಎಣಿಸುತ್ತಲೇ ಇರಲಿಲ್ಲವಂತೆ. ಚೀಲ ಹಿಡಿದು ನಿಂತವರ ಸೆರಗಿಗೋ ಟವೆಲಿಗೋ ಸುರಿದು, ಕೊಳಗವನ್ನು ಬೋರಲು ಹಾಕದೆ, ಒಂದು ಹಿಡಿ ಕಾಳು ಒಳಗಿರುವಂತೆಯೇ ಎತ್ತಿಕೊಂಡು ಮನೆಗೆ ಬರುತ್ತಿದ್ದರಂತೆ.